ಮುಳುಗಿದ ಅಡುಗೆಮನೆ

ಆ ಹಡಗು ತಾನಾಗಿ ಮುಳುಗಿದ್ದಲ್ಲ, ಮುಳುಗಿಸಿದ್ದು. ಮೂವತ್ತೆರಡು ವರ್ಷ ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸಿ ದಾಟಿಸಿ ಸವೆದ ಫೆರ್ರಿ ಅದು. ಸೇತುವೆ ಬಂದಮೇಲೆ ಅದನ್ನು ಕೇಳುವವರಿಲ್ಲದಂತಾಯಿತು. ಗುಜರಿಗೆ ಹಾಕುವ ಬದಲು ಬಂದರಿನವರು ಅದರ ಎಣ್ಣೆ ಬಸಿದು, ಗಾಜು ಬಿಚ್ಚಿ, ದಡದಿಂದ ಎರಡು ಮೈಲಿ ಆಚೆ ನಿಲ್ಲಿಸಿ, ಹೊಟ್ಟೆಯೊಳಗೆ ನೀರು ಬಿಟ್ಟು ತಳಕ್ಕೆ ಕೂರಿಸಿದರು. ಮೀನುಗಳಿಗೆ ಮನೆಯಾಗುತ್ತದೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಹವ್ಯಾಸದವರಿಗೆ ನೋಡಲು ಒಂದು ಜಾಗವಾಗುತ್ತದೆ ಎಂಬ ಯೋಚನೆ.

ಆ ಹಡಗಿನ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು ಅಕ್ಕ. ಎಲ್ಲರಿಗೂ ಅವಳು ಅಕ್ಕನೇ. ಕ್ಯಾಪ್ಟನ್ ಅವಳಿಗಿಂತ ಹತ್ತು ವರ್ಷ ದೊಡ್ಡವನಾಗಿದ್ದ, ಅವನೂ ಟೀ ಬೇಕಾದಾಗ "ಅಕ್ಕಾ" ಎಂದೇ ಕೂಗುತ್ತಿದ್ದ. ಹಡಗು ನಿಂತ ಮೇಲೆ ಅವಳು ಒಂದು ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕೆ ಸೇರಿ, ಈಗ ಅಲ್ಲಿಂದಲೂ ನಿವೃತ್ತಳಾಗಿದ್ದಳು. ವಯಸ್ಸು ಅರವತ್ತೊಂದು. ಮೊಣಕಾಲು ಗಟ್ಟಿಯಾಗಿತ್ತು, ಬಾಯಿ ಇನ್ನೂ ಗಟ್ಟಿಯಾಗಿತ್ತು.

ಹಡಗಿನ ಕಾಲದ ಗೆಳೆಯರಲ್ಲಿ ಅವಳಿಗೆ ಉಳಿದಿದ್ದು ಇಬ್ಬರು. ಒಬ್ಬ ಟಿಕೆಟ್ ಕೊಡುತ್ತಿದ್ದವನು. ಹತ್ತಿದವರನ್ನೆಲ್ಲ "ಚಿಲ್ಲರೆ, ಚಿಲ್ಲರೆ" ಎಂದು ಪೀಡಿಸಿ ಪೀಡಿಸಿ ಅವನ ಹೆಸರೇ ಚಿಲ್ಲರೆ ಎಂದಾಗಿತ್ತು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಇನ್ನೊಬ್ಬ ಎಂಜಿನ್ ನೋಡಿಕೊಳ್ಳುತ್ತಿದ್ದ ಗ್ರೀಸಣ್ಣ. ಉದ್ದ ಆಳು, ದಪ್ಪ ಬೆರಳು, ಎಂಜಿನ್ನಿನ ಸದ್ದಿಗೆ ಅರ್ಧ ಹೋದ ಕಿವಿ. ಮೊದಲಿನಿಂದಲೂ ಮಾತು ಕಡಿಮೆ. ಅವನ ಪಾಲಿನ ಮಾತನ್ನೆಲ್ಲ ಅವನ ಹೆಂಡತಿಯೇ ಆಡುತ್ತಿದ್ದಳು. ಯಾರಾದರೂ "ಹೇಗಿದ್ದೀಯಪ್ಪ?" ಎಂದರೆ ಅವನು ಹೆಂಡತಿಯ ಮುಖ ನೋಡುವನು, ಅವಳು "ಚೆನ್ನಾಗಿದಾರೆ, ರಾತ್ರಿ ಸ್ವಲ್ಪ ಕೆಮ್ಮು" ಎಂದು ವರದಿ ಒಪ್ಪಿಸುವಳು.

ಒಂದೂವರೆ ವರ್ಷದ ಹಿಂದೆ ಅವಳು ತೀರಿಕೊಂಡಳು. ಆಮೇಲೆ ಗ್ರೀಸಣ್ಣನಿಂದ ಒಂದು ಮಾತು ಹೊರಡಿಸುವುದು ತುಕ್ಕು ಹಿಡಿದ ನಟ್ಟು ಬಿಚ್ಚಿದಷ್ಟು ಕಷ್ಟವಾಯಿತು. ಅಕ್ಕ ಮತ್ತು ಚಿಲ್ಲರೆ ಭಾನುವಾರ ಭಾನುವಾರ ಹೋಗಿ ಅವನ ಎದುರು ಕೂರುವರು, ಅವನು ಟಿವಿಯ ಸದ್ದು ಏರಿಸುವನು, ಮೂವರೂ ಯಾವುದೋ ಊರಿನ ಹವಾಮಾನ ನೋಡುವರು.

ಅಂಥದ್ದೊಂದು ಭಾನುವಾರ ಚಿಲ್ಲರೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ.

"ನೋಡ್ರೋ. ನಮ್ಮ ಹಡಗನ್ನ ನೋಡೋಕೆ ಜನ ನೀರೊಳಗೆ ಇಳೀತಿದಾರಂತೆ. ಅರವತ್ತು ದಾಟಿದೋರಿಗೂ ಕಲಿಸ್ತಾರಂತೆ. ಡಾಕ್ಟರು ಹೂಂ ಅಂದ್ರೆ ಸಾಕು."

"ನಿನಗೆ ತಲೆ ಕೆಟ್ಟಿದೆ" ಎಂದಳು ಅಕ್ಕ.

ಗ್ರೀಸಣ್ಣ ಟಿವಿಯ ಸದ್ದು ಕಡಿಮೆ ಮಾಡಿದ. "ಎಂಜಿನ್ ರೂಮ್ ನೋಡಬಹುದಾ?" ಎಂದ.

ಎಷ್ಟೋ ತಿಂಗಳಲ್ಲಿ ಅವನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅಕ್ಕ ಚಿಲ್ಲರೆಯ ಮುಖ ನೋಡಿದಳು. "ಸರಿ, ಯಾವಾಗ ಹೋಗೋದು?" ಎಂದಳು.

ಕಲಿಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕಲಿಸುವವಳು ಇಪ್ಪತ್ತೇಳರ ಹುಡುಗಿ. ಮೂವರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ಮೊದಲು ಈಜುಕೊಳದಲ್ಲಿ ಪಾಠ. ಬಾಯಲ್ಲಿ ಕೊಳವೆ ಕಚ್ಚಿಕೊಂಡು ನಿಧಾನವಾಗಿ ಉಸಿರಾಡುವುದು, ಕಣ್ಣು ಮೂಗು ಎರಡನ್ನೂ ಮುಚ್ಚುವ ದೊಡ್ಡ ಕನ್ನಡಕದೊಳಗೆ ನುಗ್ಗಿದ ನೀರನ್ನು ಮೂಗಿನ ಉಸಿರಿನಿಂದ ಹೊರಗೆ ತಳ್ಳುವುದು, ಸೊಂಟಕ್ಕೆ ಸೀಸದ ತುಂಡುಗಳ ಬೆಲ್ಟ್ ಕಟ್ಟಿಕೊಂಡು ಮುಳುಗಲೂ ತೇಲಲೂ ಬಾರದ ಹಾಗೆ ಹದವಾಗಿ ನಿಲ್ಲುವುದು. ಚಿಲ್ಲರೆ ಮೊದಲ ತಿಂಗಳೆಲ್ಲ ಕೊಳದ ತಳದಲ್ಲಿ ಕವುಚಿ ಬಿದ್ದಿರುತ್ತಿದ್ದ. ಅಕ್ಕ ಬಾಟಲಿಯ ಬಿರಡೆಯ ಹಾಗೆ ಮೇಲಕ್ಕೆ ಚಿಮ್ಮುತ್ತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಕಲಿತವನು ಗ್ರೀಸಣ್ಣ. ನೀರೊಳಗೆ ಮಾತಿಲ್ಲ, ಬರೀ ಕೈಸನ್ನೆ. "ಇವನಿಗೆ ಹೇಳಿ ಮಾಡಿಸಿದ ಜಾಗ" ಎಂದು ಚಿಲ್ಲರೆ ನಕ್ಕ.

ಹಡಗಿಗೆ ಹೋಗುವ ದಿನ ಬೆಳಗ್ಗೆ ಸಮುದ್ರ ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಟೀಚರ್ ತನ್ನ ವ್ಯಾನಿನಲ್ಲಿ ಮೂವರನ್ನೂ ಅವರವರ ಮನೆಯಿಂದ ಹತ್ತಿಸಿಕೊಂಡು ಬಂದಿದ್ದಳು. ದೋಣಿಯವನು ಮುದುಕ, ಮಾತಿಗಿಂತ ಗೊಣಗಾಟ ಹೆಚ್ಚು. ಹನ್ನೆರಡು ಸಿಲಿಂಡರ್‌ಗಳನ್ನು ದೋಣಿಯ ಅಂಚಿಗೆ ಸಾಲಾಗಿ ಹಗ್ಗದಿಂದ ಬಿಗಿದು, "ಯಾರೂ ಇದರ ಮೇಲೆ ಕಾಲು ಹಾಕಬೇಡಿ" ಎಂದು ಗದರಿ ಹೊರಟ.

ಹಡಗು ಮುಳುಗಿದ ಜಾಗದ ಗುರುತಿಗೆ ಬಿಟ್ಟ ಹಳದಿ ಪ್ಲಾಸ್ಟಿಕ್ ಬುರುಡೆಯೊಂದು ತೇಲುತ್ತಿತ್ತು. ಅದರ ಹಗ್ಗ ನೇರ ಕೆಳಗಿಳಿದು ಹಡಗಿನ ಕಂಬಿಗೆ ಕಟ್ಟಿತ್ತು. ದೋಣಿಯನ್ನು ಅದಕ್ಕೆ ಕಟ್ಟಿದ ಮೇಲೆ ಟೀಚರ್ ಮೂವರನ್ನೂ ಎದುರಿಗೆ ಕೂರಿಸಿಕೊಂಡಳು.

"ಮೇಲಿನ ಡೆಕ್ ಹನ್ನೆರಡು ಮೀಟರಲ್ಲಿದೆ. ಅದರ ಕೆಳಗಿಂದು ಹದಿನಾರು. ನಾವು ಹದಿನೆಂಟು ದಾಟಲ್ಲ. ಒಳಗೆ ಯಾರೂ ಹೋಗೋ ಹಾಗಿಲ್ಲ, ಹೊರಗಿಂದಲೇ ನೋಡಬೇಕು. ಗೋಡೆಗಳಲ್ಲಿ ದೊಡ್ಡ ದೊಡ್ಡ ಕಿಂಡಿ ಕೊರೆದಿದಾರೆ, ಟಾರ್ಚ್ ಬಿಟ್ಟರೆ ಕಾಣುತ್ತೆ. ಅಕ್ಕ, ಚಿಲ್ಲರೆಯವರು ನಿಮ್ಮ ಜೋಡಿ. ಒಬ್ಬರು ಮೇಲೆ ಬಂದ್ರೆ ಇನ್ನೊಬ್ಬರೂ ಬರಬೇಕು. ಗ್ರೀಸಣ್ಣ ನನ್ನ ಜೋಡಿ."

"ಅಡುಗೆಮನೆ ಎಲ್ಲಿದೆ ಗೊತ್ತಾ ಟೀಚರ್?"

"ನನಗೆ ಎಲ್ಲಾ ರೂಮೂ ಒಂದೇ ಥರ ಕಾಣುತ್ತೆ ಅಕ್ಕ. ನೀವೇ ತೋರಿಸಬೇಕು."

ಅಕ್ಕ ಆ ಮಾತಿಗೆ ಎಷ್ಟು ಹಿಗ್ಗಿದಳೆಂದರೆ, ರಬ್ಬರ್ ಅಂಗಿಯ ಜಿಪ್ಪು ಹಾಕಲು ಚಿಲ್ಲರೆ ಇನ್ನೂ ಒಂದು ಸಲ ಎಳೆಯಬೇಕಾಯಿತು.

ನೀರಿಗೆ ಬಿದ್ದದ್ದೇ ಅವಳು ಅವಸರ ಮಾಡಿದಳು. ಹಗ್ಗ ಹಿಡಿದು ಕಾಲು ಕೆಳಗೆ ಮಾಡಿ, ಅಡಿ ಅಡಿಗೂ ಮೂಗು ಹಿಡಿದು ಊದಿ, ನೀರಿನ ಒತ್ತಡಕ್ಕೆ ಕಟ್ಟುವ ಕಿವಿಯನ್ನು ಬಿಡಿಸಿಕೊಳ್ಳುತ್ತ ಇಳಿಯಬೇಕೆಂದು ಎಷ್ಟು ಸಲ ಕಲಿತಿದ್ದಳು! ಕೆಳಗೆ ಮಸುಕಾಗಿ ಹಡಗಿನ ಗೆರೆ ಕಂಡ ಕೂಡಲೇ ಎಲ್ಲ ಮರೆತು ತಲೆ ಕೆಳಗೆ ಮಾಡಿ ಕಾಲು ಬಡಿದಳು. ನಾಲ್ಕು ಮೀಟರಿಗೆ ಎಡಗಿವಿ ಗಪ್ಪನೆ ಕಟ್ಟಿತು. ಮೂಗು ಹಿಡಿದು ಊದಿದಳು, ಬಿಡಲಿಲ್ಲ. ಒಂದು ಅಡಿ ಮೇಲೆ ಬಂದು ಊದಿದಳು, ಬಿಡಲಿಲ್ಲ. ಟೀಚರ್ ಎದುರಿಗೆ ಬಂದು ಬೆರಳಿನಿಂದ ಕಿವಿ ತೋರಿಸಿ ಕೇಳಿದಳು. ಸುಳ್ಳು ಹೇಳಬೇಕೆಂದು ಅಕ್ಕನಿಗೆ ಬಹಳ ಆಸೆಯಾಯಿತು. ಆದರೂ ಅಂಗೈ ಅಲುಗಿಸಿ ಸರಿಯಿಲ್ಲ ಎಂದು ತೋರಿಸಿದಳು. ಟೀಚರ್ ಹೆಬ್ಬೆರಳು ಮೇಲೆತ್ತಿದಳು. ಮೇಲಕ್ಕೆ ಎಂದರ್ಥ.

ನಾಲ್ವರೂ ಮೇಲೆ ಬಂದರು. ಅಕ್ಕ ಮತ್ತು ಚಿಲ್ಲರೆ ದೋಣಿ ಹತ್ತಿದರು. ಟೀಚರ್ ಮತ್ತು ಗ್ರೀಸಣ್ಣ ಮತ್ತೆ ಇಳಿಯುವವರಿದ್ದರು. ಗ್ರೀಸಣ್ಣ ಏಣಿ ಹಿಡಿದು ನೀರಿನಲ್ಲೇ ನಿಂತು ಅಕ್ಕನನ್ನೇ ನೋಡುತ್ತಿದ್ದ.

"ನೀನು ಹೋಗೋ" ಎಂದಳು ಅಕ್ಕ. "ನನ್ನ ಅಡುಗೆಮನೆ ಹೇಗಿದೆ ನೋಡಿಕೊಂಡು ಬಾ. ಎರಡನೇ ಡೆಕ್ಕು, ಬಲಗಡೆ, ಮೆಟ್ಟಿಲಾದ ಮೇಲೆ."

"ಗೊತ್ತು" ಎಂದು ಅವನು ಕೊಳವೆ ಕಚ್ಚಿದ.

ಅವರ ಗುಳ್ಳೆಗಳು ದೋಣಿಯ ಪಕ್ಕದಲ್ಲಿ ಕೊತಕೊತ ಎದ್ದು ನಿಧಾನವಾಗಿ ದೂರ ಸರಿದವು. ಅಕ್ಕ ಮುಖಕ್ಕೆ ಟವೆಲ್ ಒತ್ತಿಕೊಂಡು ಕುಳಿತಳು. ಚಿಲ್ಲರೆ ಸುಮ್ಮನೆ ಅವಳ ಬೆಲ್ಟ್ ಬಿಚ್ಚಿ, ಕಾಲಿನ ರಬ್ಬರ್ ರೆಕ್ಕೆಗಳನ್ನು ಎಳೆದು ತೆಗೆದ.

"ನನ್ನಿಂದ ನಿನಗೂ ಹೋಯ್ತು" ಎಂದಳು ಅವಳು ಟವೆಲ್ಲಿನೊಳಗಿಂದ.

"ಹೋದ್ರೆ ಹೋಯ್ತು. ನಾನೇನು ನೋಡಬೇಕಿತ್ತು? ನನ್ನ ಟಿಕೆಟ್ ಕಿಟಕಿ ತಾನೇ. ಅಲ್ಲಿ ಕೂತು ಕೂತು ನನ್ನ ಸೊಂಟ ಹೋಗಿದೆ, ಅದನ್ನ ಮತ್ತೆ ನೋಡೋಕೆ ನಾಲ್ಕು ತಿಂಗಳು ಕೊಳದ ನೀರು ಕುಡಿದೆ ನೋಡು, ನನಗೆ ಹೊಡೀಬೇಕು."

"ಮಗುವಿನ ಹಾಗೆ ಅವಸರ ಮಾಡ್ದೆ ಕಣೋ."

"ಮಾಡ್ದೆ. ಈಗೇನು? ಇನ್ನೊಂದು ಸಲ ಇಳಿಯೋದು ಇದ್ಯಲ್ಲ." ಅಷ್ಟು ಹೇಳುವಷ್ಟರಲ್ಲಿ ದೋಣಿಯ ತೂಗಾಟಕ್ಕೆ ಅವನ ಹೊಟ್ಟೆ ತೊಳಸಿತು. ಅಂಚಿಗೆ ಓಡಿ ಬಗ್ಗಿದ. ಮೂವತ್ತು ವರ್ಷ ಹಡಗಿನಲ್ಲಿ ಟಿಕೆಟ್ ಹರಿದವನು ಸಣ್ಣ ದೋಣಿಯಲ್ಲಿ ವಾಂತಿ ಮಾಡುವುದನ್ನು ನೋಡಿ ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ಎದ್ದು ಹೋಗಿ ಅವನ ಬೆನ್ನು ನೀವಿದಳು. ದೋಣಿಯವನು "ಗಾಳಿ ಬರೋ ಕಡೆ ಅಲ್ಲ, ಆ ಕಡೆ!" ಎಂದು ಗೊಣಗಿದ.

ಮೂವತ್ತೈದು ನಿಮಿಷದ ಮೇಲೆ ಗ್ರೀಸಣ್ಣ ಏಣಿ ಹತ್ತಿ ಬಂದ. ಕನ್ನಡಕ ತೆಗೆದಾಗ ಅದರ ಗುರುತು ಅವನ ಮುಖದ ಸುತ್ತ ಕೆಂಪಗೆ ಮೂಡಿತ್ತು. ಸಿಲಿಂಡರ್ ಇಳಿಸಿ, ಬೆಂಚಿನ ಮೇಲೆ ಕುಳಿತು, ಬಹಳ ಹೊತ್ತು ತನ್ನ ಕಾಲುಗಳನ್ನೇ ನೋಡಿದ.

"ಏನಾಯ್ತೋ?" ಎಂದು ಅಕ್ಕ ಜೋರಾಗಿ ಕೇಳಿದಳು. "ಕಂಡ್ಯಾ?"

ಗ್ರೀಸಣ್ಣ ತಲೆಯೆತ್ತಿದ. ಅವಳ ಕಣ್ಣು ಊದಿಕೊಂಡಿದ್ದು ಅವನಿಗೆ ಕಂಡಿರಬೇಕು.

"ಕಂಡೆ" ಎಂದ. ಆಮೇಲೆ, ಯಾರೂ ನಿರೀಕ್ಷಿಸದೆ ಇದ್ದ ಹಾಗೆ, ಮಾತಾಡತೊಡಗಿದ.

"ಬಾಗಿಲಿಂದ ಬಲಗಡೆ ನಿನ್ನ ಎರಡು ಒಲೆ. ಅಲೆಗೆ ಪಾತ್ರೆ ಜಾರಬಾರದು ಅಂತ ಸುತ್ತ ಕಬ್ಬಿಣದ ಸರಳು ಹಾಕಿಕೊಟ್ಟಿದ್ದೆನಲ್ಲ, ಅದು ಹಾಗೇ ಇದೆ. ಎದುರು ಗೋಡೆಗೆ ಕೊಕ್ಕೆ. ಏಳು. ಮೂರನೇದು ಬಗ್ಗಿದೆ."

"ದೊಡ್ಡ ಸೌಟು ನೇತು ಹಾಕಿ ಬಗ್ಗಿದ್ದು!" ಅಕ್ಕ ಅವನ ಪಕ್ಕಕ್ಕೆ ಬಂದು ಕುಳಿತಳು.

"ಹೂಂ. ಅದರ ಕೆಳಗೆ ಹಿಟ್ಟಿನ ಡಬ್ಬ ಇಡೋ ಕಟ್ಟೆ. ತೊಟ್ಟಿಯ ನಲ್ಲಿ, ಎಡಕ್ಕೆ ತಿರುಗಿಸಿದ್ರೆ ಮಾತ್ರ ನಿಲ್ಲುತ್ತಿತ್ತಲ್ಲ, ಅದು. ಟೀ ಕೊಡೋ ಕಿಂಡಿ. ಕಿಂಡಿಯ ಹಲಗೆ ಮೇಲೆ ಬಿಸಿ ಲೋಟ ಇಟ್ಟೂ ಇಟ್ಟೂ ಬಿದ್ದಿತ್ತಲ್ಲ ಬಿಳಿ ಬಿಳಿ ಉಂಗುರ, ಅದೂ ಇದೆ."

"ಎಂಟು ವರ್ಷ ನೀರಲ್ಲಿದ್ದೂ?" ಎಂದ ಚಿಲ್ಲರೆ.

"ಇದೆ" ಎಂದ ಗ್ರೀಸಣ್ಣ, ಜಗ್ಗದೆ. "ಒಲೆ ಮೇಲೆ ಒಂದು ಮೀನು. ಇಷ್ಟು ದಪ್ಪ, ಬೂದಿ ಬಣ್ಣ. ನಾನು ಟಾರ್ಚ್ ಬಿಟ್ಟಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು 'ಟೀ ಆಗಿಲ್ಲ ಹೋಗು' ಅನ್ನೋ ಹಾಗೆ ನೋಡ್ತು."

"ಮೀನಿಗೆ ಸೊಂಟ ಎಲ್ಲಿಂದ ಬಂತೋ!"

"ಅಕ್ಕನ ಹಾಗೇ ಇತ್ತು."

ಅಕ್ಕ ಬಿದ್ದು ಬಿದ್ದು ನಕ್ಕಳು. ಮತ್ತೆ ಮತ್ತೆ ಕೇಳಿದಳು. ಕಪಾಟಿನ ಬಾಗಿಲು ಇದೆಯಾ, ನೆಲದ ಹಾಸು ಎದ್ದಿದೆಯಾ, ಈರುಳ್ಳಿ ಬುಟ್ಟಿ ಕಟ್ಟುತ್ತಿದ್ದ ಬಳೆ ಇದೆಯಾ. ಗ್ರೀಸಣ್ಣ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಟೀಚರ್ ಅವನ ಕಡೆ ಒಮ್ಮೆ ನೋಡಿ, ಹುಬ್ಬೇರಿಸಿ, ಕನ್ನಡಕದ ಗಾಜು ಒರೆಸುವುದರಲ್ಲಿ ಮಗ್ನಳಾದಳು.

"ನಿನ್ನ ಎಂಜಿನ್ ರೂಮು?" ಎಂದು ಅಕ್ಕ ಕೊನೆಗೆ ಕೇಳಿದಳು.

"ನೋಡ್ದೆ. ಚೆನ್ನಾಗಿದೆ" ಎಂದು ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

ಒಂದೂವರೆ ಗಂಟೆ ದೋಣಿಯಲ್ಲೇ ಕಳೆಯಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಅಕ್ಕನ ಕಿವಿ ತಾನಾಗಿ ಬಿಟ್ಟುಕೊಂಡಿತ್ತು, ನೋವಿರಲಿಲ್ಲ. ಟೀಚರ್ ಅವಳನ್ನು ಕೂರಿಸಿ ಹತ್ತು ಸಲ ಉಗುಳು ನುಂಗಿಸಿ, ಮೂಗು ಹಿಡಿಸಿ ಊದಿಸಿ ನೋಡಿದಳು. "ಇಳಿಯೋಣ. ಆದ್ರೆ ಈ ಸಲ ನನ್ನ ಲೆಕ್ಕದಲ್ಲಿ. ಒಂದು ಚೂರು ಕಟ್ಟಿದ್ರೂ ವಾಪಸ್. ಒಪ್ಪಿಗೆಯಾ?"

"ಒಪ್ಪಿಗೆ ತಾಯಿ."

ಈ ಸಲ ಅವಳು ಹಗ್ಗ ಬಿಡಲಿಲ್ಲ. ಕಾಲು ಕೆಳಗೆ, ಗದ್ದ ಮೇಲೆ, ಮೊಳ ಮೊಳಕ್ಕೂ ನಿಂತು ಮೂಗು ಹಿಡಿದು ಊದುವುದು. ಕಿವಿಯೊಳಗೆ ಕಿಟ್ ಎಂದಾಗ ಬೆರಳು ದುಂಡಗೆ ಮಾಡಿ ಸರಿ ಎಂದು ತೋರಿಸುವುದು. ಅವಳ ಒಂದು ಪಕ್ಕಕ್ಕೆ ಚಿಲ್ಲರೆ, ಇನ್ನೊಂದು ಪಕ್ಕಕ್ಕೆ ಗ್ರೀಸಣ್ಣ, ಎದುರಿಗೆ ಟೀಚರ್. ಆಸ್ಪತ್ರೆಯಲ್ಲಿ ಹೊಸದಾಗಿ ನಡೆಯಲು ಕಲಿಯುವವರನ್ನು ನೆಂಟರು ಸುತ್ತುವರಿದು ಕರೆದೊಯ್ಯುವ ಹಾಗೆ ಮೂವರೂ ಅವಳ ಜೊತೆ ಇಳಿದರು. ನಾಲ್ಕು ಮೀಟರ್ ದಾಟಿತು. ಏಳು ದಾಟಿತು. ಬಿಸಿಲು ಹಸಿರಾಯಿತು. ಕಾಲ ಕೆಳಗೆ ಏನೋ ಗಟ್ಟಿಯಾದದ್ದು ತಗುಲಿತು. ನೋಡಿದರೆ ಮೇಲಿನ ಡೆಕ್ಕಿನ ಕಂಬಿ.

ಅಕ್ಕ ಅದನ್ನು ಹಿಡಿದಳು. ಈ ಕಂಬಿಯ ತಿರುವು ಅವಳ ಕೈಗೆ ಗೊತ್ತಿತ್ತು. ಮೇಲೆಲ್ಲ ಕಪ್ಪೆಚಿಪ್ಪು ಅಂಟಿ ಒರಟಾಗಿತ್ತು, ಆದರೂ ತಿರುವು ಅದೇ. ಸಣ್ಣ ಸಣ್ಣ ಪಟ್ಟೆ ಮೀನುಗಳು ಮೆಟ್ಟಿಲಿನ ಬಾಯಿಯಿಂದ ಶಾಲೆ ಬಿಟ್ಟ ಮಕ್ಕಳ ಹಾಗೆ ಹೊರಬಿದ್ದವು. ಅವಳು ಬಲಗಡೆ ಕೈ ತೋರಿಸಿದಳು. ಈಗ ಅವಳೇ ಮುಂದೆ.

ಎರಡನೇ ಡೆಕ್ಕಿನ ಹೊರಗಿನ ಓಣಿಯಲ್ಲಿ, ಮೆಟ್ಟಿಲಾದ ಮೇಲೆ ಮೂರನೇ ಬಾಗಿಲು. ಅವಳು ಹತ್ತಿರ ತೇಲಿ ಹೋಗಿ ನಿಂತಳು.

ಯಾರೂ ಒಳಗೆ ನುಗ್ಗದಂತೆ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ. ನಾಲ್ಕೂ ಕಡೆ ಬೆಸುಗೆ ಹಾಕಿ, ಅದರ ಮೇಲೆ ಎಂಟು ವರ್ಷದ ಪಾಚಿ, ಚಿಪ್ಪು, ಕಡಲಕಳೆ ದಪ್ಪಗೆ ಬೆಳೆದಿತ್ತು. ಟೀ ಕೊಡುವ ಕಿಂಡಿಗೆ ಇಡೀ ತಗಡೇ ಬಡಿದಿದ್ದರು. ಅವಳು ಜಾಲರಿಯ ಒಂದು ಸಂದಿಗೆ ಟಾರ್ಚ್ ಒತ್ತಿದಳು. ಒಳಗೆ ಒಂದು ಗೋಡೆ ಅಡ್ಡ ಬಿದ್ದಿತ್ತು. ಅದರಾಚೆ ಕತ್ತಲೆ. ಒಲೆಯಿಲ್ಲ, ಕೊಕ್ಕೆಯಿಲ್ಲ, ಏನೂ ಕಾಣುವುದಿಲ್ಲ. ಯಾರು ಬಂದು ನೋಡಿದರೂ ಕಾಣುವಂತಿರಲಿಲ್ಲ.

ಅಕ್ಕ ತಿರುಗಿದಳು. ಗ್ರೀಸಣ್ಣ ಎರಡು ಮಾರು ಹಿಂದೆ ತೇಲುತ್ತಿದ್ದ. ಅವನ ಗುಳ್ಳೆಗಳು ನಿಂತಿದ್ದವು, ಉಸಿರು ಹಿಡಿದಿದ್ದ. ಕನ್ನಡಕದೊಳಗೆ ಅವನ ಕಣ್ಣು ತಪ್ಪು ಮಾಡಿ ಸಿಕ್ಕಿಬಿದ್ದವನ ಕಣ್ಣಾಗಿತ್ತು. ಉಸಿರು ಹಿಡಿಯಬಾರದು ಎಂಬುದು ಟೀಚರ್ ಹೇಳಿಕೊಟ್ಟ ಮೊದಲನೇ ಪಾಠ. ಅಕ್ಕ ಅವನ ಹತ್ತಿರ ಹೋಗಿ, ಅವನ ಎದೆಯ ಮೇಲೆ ಎರಡು ಬೆರಳಿನಿಂದ ತಟ್ಟಿ, ಉಸಿರಾಡು ಎಂದು ಕೈಯಾಡಿಸಿ ತೋರಿಸಿದಳು. ಅವನು ಬಿಟ್ಟ ಉಸಿರು ದೊಡ್ಡ ಗುಡ್ಡೆಯಾಗಿ ಮೇಲೆ ಹೋಯಿತು. ಅವಳು ಅವನ ತೋಳು ಹಿಡಿದುಕೊಂಡಳು.

ಅಷ್ಟರಲ್ಲಿ ಚಿಲ್ಲರೆ ಮಾಯವಾಗಿದ್ದ. ಟೀಚರ್ ಗಾಬರಿಯಿಂದ ಸುತ್ತ ನೋಡಿದಳು. ಓಣಿಯ ಕೊನೆಯಲ್ಲಿ ಅವನ ಟಿಕೆಟ್ಟಿನ ಚೌಕ ಕಿಟಕಿ, ಅದರ ಹೊರಗೆ ನಿಂತು ಅವನು ಬಾಗಿ, ಅಂಗೈ ಚಾಚಿ, ಹೋಗಿ ಬರುವ ಮೀನುಗಳಿಂದ ಚಿಲ್ಲರೆ ಕೇಳುತ್ತಿದ್ದ. ಅಕ್ಕನಿಗೆ ನಗು ತಡೆಯಲಾಗದೆ ಕನ್ನಡಕದೊಳಗೆ ನೀರು ನುಗ್ಗಿತು. ಮೂಗಿನಿಂದ ಊದಿ ತೆಗೆದಳು, ಮತ್ತೆ ನಕ್ಕಳು, ಮತ್ತೆ ನೀರು.

ಟೀಚರ್ ಗಡಿಯಾರ ತೋರಿಸಿ ಹತ್ತು ಬೆರಳು ಎತ್ತಿದಳು. ಅಕ್ಕ ಸ್ವಲ್ಪ ಯೋಚಿಸಿ ಮೇಲಿನ ಡೆಕ್ಕಿಗೆ ಕೈ ತೋರಿಸಿದಳು. ಅಲ್ಲಿ ಪ್ರಯಾಣಿಕರ ಕಬ್ಬಿಣದ ಬೆಂಚುಗಳು ಸಾಲಾಗಿ ಇನ್ನೂ ನಿಂತಿದ್ದವು, ಸಮುದ್ರಕ್ಕೆ ಮುಖ ಮಾಡಿ. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಟ್ರೇ ಹಿಡಿದು ಬಂದು, ಲೋಟ ಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಹೋಗುವುದಷ್ಟೇ. ಈಗ ಮೊದಲ ಸಾಲಿನ ಬೆಂಚಿನ ಮೇಲೆ ಮೆಲ್ಲಗೆ ಇಳಿದು, ಹಾರಿಹೋಗದಂತೆ ಅಂಚು ಹಿಡಿದುಕೊಂಡು ಕುಳಿತಳು. ಆಚೆ ಈಚೆ ಗೆಳೆಯರಿಬ್ಬರೂ ಬಂದು ಕುಳಿತರು. ಎದುರಿಗೆ ನೋಡಲು ಏನೂ ಇರಲಿಲ್ಲ. ಹಸಿರು ನೀರು, ಅದರಲ್ಲಿ ಇಳಿಬಿದ್ದ ಬಿಸಿಲಿನ ಕೋಲುಗಳು. ಒಂದು ಆಮೆ ಎಡದಿಂದ ಬಂದು, ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಬಲಕ್ಕೆ ಹೋಯಿತು. ಮೂವರೂ ಒಟ್ಟಿಗೆ ಅದರ ಕಡೆಗೆ ತಲೆ ತಿರುಗಿಸಿದರು. ಮೂರು ಗುಳ್ಳೆಯ ಸಾಲು ಮೇಲಕ್ಕೇರುತ್ತಲೇ ಇತ್ತು.

ದೋಣಿಗೆ ಬಂದು ಕೊಳವೆ ಉಗಿದ ತಕ್ಷಣ ಚಿಲ್ಲರೆ ಹೇಳಿದ ಮೊದಲ ಮಾತು: "ಏನೋ ಗ್ರೀಸು, ಅಲ್ಲಿ ಜಾಲರಿ ಬಡಿದಿದಾರಲ್ಲೋ! ನೀನು ಒಲೆ ಹೇಗೆ ನೋಡ್ದೆ?"

ಗ್ರೀಸಣ್ಣ ಕಿವಿ ಕೇಳಿಸದವನ ಹಾಗೆ ಬೆಲ್ಟ್ ಬಿಚ್ಚುತ್ತಿದ್ದ.

"ಜಾಲರಿ ಸಂದಿಯಿಂದ ಕಾಣುತ್ತೆ" ಎಂದಳು ಅಕ್ಕ. "ನನಗೂ ಕಾಣಿಸ್ತು. ನಿನಗೆ ಮೀನಿನ ಹತ್ತಿರ ಭಿಕ್ಷೆ ಬೇಡೋದೇ ಆಯ್ತು, ಎಲ್ಲಿ ನೋಡ್ದೆ ನೀನು?"

"ಬಿಳಿ ಉಂಗುರಾನೂ ಇತ್ತಾ?"

"ಇತ್ತಪ್ಪ."

ಚಿಲ್ಲರೆ ಇಬ್ಬರ ಮುಖವನ್ನೂ ನೋಡಿದ. ಏನು ಅರ್ಥವಾಯಿತೋ, "ಛೆ, ನಾನು ನೋಡಬೇಕಿತ್ತು" ಎಂದು ಉಳಿದ ಬಾಳೆಹಣ್ಣು ಸುಲಿದ.

ದಡಕ್ಕೆ ಬಂದಾಗ ಮೂರು ಗಂಟೆ. ದೋಣಿ ನಿಲ್ಲುವ ಕಟ್ಟೆಯ ಪಕ್ಕದಲ್ಲಿ ಸಿಹಿನೀರಿನ ತೊಟ್ಟಿಯೊಂದಿತ್ತು. ಸಾಮಾನನ್ನೆಲ್ಲ ಅದರಲ್ಲಿ ಅದ್ದಿ ಉಪ್ಪು ತೊಳೆಯಬೇಕು. ಟೀಚರ್ ಮತ್ತು ಚಿಲ್ಲರೆ ಸಿಲಿಂಡರ್‌ಗಳನ್ನು ವ್ಯಾನಿಗೆ ಹೊರುತ್ತಿದ್ದರು. ತೊಟ್ಟಿಯ ಬಳಿ ಅಕ್ಕ ಮತ್ತು ಗ್ರೀಸಣ್ಣ ಇಬ್ಬರೇ. ಅವಳು ರಬ್ಬರ್ ಅಂಗಿಯೊಂದನ್ನು ಬಟ್ಟೆ ಒಗೆಯುವ ಹಾಗೆ ಎತ್ತಿ ಅದ್ದುತ್ತ ಕೇಳಿದಳು.

"ಎಲ್ಲಾ ಕಟ್ಟಿ ಹೇಳಿದ್ದಾ?"

"ಕಟ್ಟಿದ್ದಲ್ಲ" ಎಂದ ಅವನು. ಕಿವಿ ಮಂದವಾದವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಕಟ್ಟೆಯ ಆ ತುದಿಯಲ್ಲಿ ಬಲೆ ಹೆಣೆಯುತ್ತಿದ್ದವನು ತಲೆಯೆತ್ತಿ ನೋಡಿದ. "ನೋಡಿದ್ದನ್ನೇ ಹೇಳಿದ್ದು. ನೋಡಿದ್ದು ಇವತ್ತಲ್ಲ, ಅಷ್ಟೇ. ಆ ಮೀನೊಂದು ಮಾತ್ರ ಸುಳ್ಳು."

"ಲೋಟ ತಗೊಂಡು ಮುಖ ಎತ್ತದೆ ಹೋಗ್ತಿದ್ದೆ ನೀನು. ಅಷ್ಟೆಲ್ಲಾ ಯಾವಾಗ ನೋಡ್ದೆ?"

"ದಿನಕ್ಕೆ ನಾಲ್ಕು ಲೋಟ ಟೀ. ಹತ್ತೊಂಬತ್ತು ವರ್ಷ. ನೀನು ಸೋಸೋವರೆಗೂ ನಿಂತಿರ್ತಿದ್ನಲ್ಲ."

ಅಕ್ಕ ಅಂಗಿಯನ್ನು ತೊಟ್ಟಿಯ ಅಂಚಿಗೆ ಹಾಕಿದಳು. "ಯಾಕೋ ಹಾಗೆ ಹೇಳ್ದೆ? ಜಾಲರಿ ಇದೆ, ಕಾಣಲ್ಲ ಅಂದಿದ್ರೆ ನಾನೇನು ಸತ್ತು ಹೋಗ್ತಿದ್ನಾ?"

ಅವನು ಕನ್ನಡಕಗಳನ್ನು ಒಂದೊಂದಾಗಿ ನೀರಿನಿಂದ ತೆಗೆದು ಬಿಸಿಲಿಗೆ ಸಾಲಾಗಿ ಇಟ್ಟ.

"ಎಂಜಿನ್ ಇಲ್ಲ" ಎಂದ. "ಮುಳುಗಿಸೋ ಮುಂಚೆ ಕಿತ್ತುಕೊಂಡಿದಾರೆ. ದೊಡ್ಡ ಕಿಂಡಿ, ಬಿಸಿಲು ನೇರ ಒಳಗೆ ಬೀಳುತ್ತೆ, ಎಲ್ಲಾ ಚೆನ್ನಾಗಿ ಕಾಣುತ್ತೆ. ಬರೀ ಬೋಲ್ಟು. ನೆಲದಲ್ಲಿ ಹದಿನಾರು ಬೋಲ್ಟು ನಿಂತಿದೆ. ಮಧ್ಯ ಏನೂ ಇಲ್ಲ. ಮೀನೂ ಇಲ್ಲ."

ಇನ್ನೊಂದು ಅಂಗಿಗೆ ಚಾಚಿದ್ದ ಕೈಯನ್ನು ಅಕ್ಕ ಹಿಂದಕ್ಕೆ ತೆಗೆದಳು.

"ಮನೆಗೆ ಹೋದ್ರೂ ಹಾಗೇ ಇರುತ್ತೆ, ಮಂಚದಲ್ಲಿ ಅವಳು ಮಲಗ್ತಿದ್ದ ಕಡೆ" ಎಂದ ಗ್ರೀಸಣ್ಣ. "ಮೇಲೆ ಬಂದು ನೋಡಿದ್ರೆ ನೀನು ಅಳ್ತಾ ಕೂತಿದೀಯ. ನಿನ್ನದೂ ಇಲ್ಲ ಅಂತ ಹೆಂಗೆ ಹೇಳ್ಲಿ? ನಿನ್ನದಾದ್ರೂ ಇರಲಿ ಅನ್ನಿಸ್ತು. ಹೇಳ್ತಾ ಹೇಳ್ತಾ ನನಗೂ ಇದೆ ಅಂತಲೇ ಅನ್ನಿಸ್ತು."

ಅಷ್ಟು ಉದ್ದದ ಮಾತನ್ನು ಅವನು ಜೀವಮಾನದಲ್ಲೇ ಆಡಿರಲಿಲ್ಲವೇನೋ. ಆಡಿ ಮುಗಿಸಿ ಸುಸ್ತಾದವನ ಹಾಗೆ ತೊಟ್ಟಿಯ ಅಂಚಿಗೆ ಒರಗಿದ. ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳಲು ಹೋಗಿ, ಮೈಮೇಲೆ ಇರುವುದು ಈಜುವ ಬಟ್ಟೆ ಎಂದು ನೆನಪಾಗಿ, ಅವನ ಬೆನ್ನಿಗೇ ಒರೆಸಿದಳು. ಕೈಯನ್ನು ಅಲ್ಲೇ ಇಟ್ಟಳು. ಚಿಲ್ಲರೆ ವ್ಯಾನಿನ ಬಳಿಯಿಂದ "ಏನ್ ತೊಳೀತಿದೀರ್ರೋ, ಸಮುದ್ರಾನಾ?" ಎಂದು ಕೂಗುವವರೆಗೆ ಇಬ್ಬರೂ ಹಾಗೇ ನಿಂತಿದ್ದರು.

ವ್ಯಾನಿನಲ್ಲಿ ಚಿಲ್ಲರೆ ಟೀಚರ್ ಪಕ್ಕದಲ್ಲಿ ಕುಳಿತ. ಹಿಂದಿನ ಸೀಟಿನಲ್ಲಿ ಅಕ್ಕ, ಗ್ರೀಸಣ್ಣ, ಅವರಿಬ್ಬರ ನಡುವೆ ಒದ್ದೆ ಸಾಮಾನಿನ ಚೀಲ. ದೊಡ್ಡ ರಸ್ತೆಗೆ ಬಂದ ಮೇಲೆ ಅಕ್ಕ ಚೀಲವನ್ನು ಕಾಲ ಕೆಳಗೆ ತಳ್ಳಿ ಅವನ ಕಡೆಗೆ ಸರಿದಳು.

"ನಾನು ನಿನ್ನ ಎಂಜಿನ್ ರೂಮಿನೊಳಗೆ ಒಂದು ದಿನವೂ ಬಂದವಳಲ್ಲ" ಎಂದಳು. "ಬಾಗಿಲ ಹತ್ತಿರ ಬಂದ್ರೇ ಆ ಸದ್ದಿಗೆ ತಲೆ ಸಿಡೀತಿತ್ತು. ಒಳಗೆ ಹೋದ್ರೆ ಮೊದಲು ಏನು ಸಿಗ್ತಿತ್ತು, ಹೇಳು."

ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಅವನಿಗೆ ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಜೋರಾಗಿ ಕೇಳಲು ಬಾಯಿ ತೆರೆದಳು.

"ಮೊದಲು ಆರು ಮೆಟ್ಟಿಲು" ಎಂದ ಗ್ರೀಸಣ್ಣ. "ಜಾರುತ್ತೆ, ಕೈಹಿಡಿ ಹಿಡ್ಕೊಂಡೇ ಇಳೀಬೇಕು."

"ಹೂಂ, ಹಿಡ್ಕೊಂಡೆ."

"ಎಡಗಡೆ ಎಣ್ಣೆ ಡಬ್ಬಗಳು. ಬಲಗಡೆ ಎಂಜಿನ್. ಆರು ಸಿಲಿಂಡರು. ಈ ಸಿಲಿಂಡರ್ ಅಲ್ಲ, ಅದು ಬೇರೆ. ಒಂದೊಂದೂ ನನ್ನ ಸೊಂಟದ ಎತ್ತರ. ಒಂದನೇದು ಭಾರಿ ಒಳ್ಳೇದು, ಒಂದು ದಿನ ತಂಟೆ ಮಾಡಿದ್ದಿಲ್ಲ. ಎರಡನೇದು ಚಳಿಗಾಲದಲ್ಲಿ ಸ್ವಲ್ಪ ಮುನಿಸಿಕೊಳ್ಳೋದು..."

ಅವನು ಹೇಳುತ್ತ ಹೋದ. ದನಿ ವ್ಯಾನಿನ ತುಂಬ ಮೊಳಗುತ್ತಿತ್ತು, ಆದರೂ ಮುಂದಿನ ಸೀಟಿನಲ್ಲಿ ಚಿಲ್ಲರೆ ಗೊರಕೆ ಹೊಡೆಯುತ್ತಿದ್ದ. ಅಕ್ಕ ನಡುನಡುವೆ ಪ್ರಶ್ನೆ ಕೇಳಿದಳು. ಕೆಲವು ಅರ್ಥವಾಗಿ, ಹೆಚ್ಚಿನವು ಅರ್ಥವಾಗದೆ. ಮೂರನೇ ಸಿಲಿಂಡರಿನ ಕಥೆಗೆ ಸಿಗ್ನಲ್ಲಿನ ದೀಪ ಎರಡು ಸಲ ಹಸಿರಾಗಿ ಕೆಂಪಾಯಿತು. ನಾಲ್ಕನೆಯದರ ಕಥೆಯಲ್ಲಿ ಅವನ ಹೆಂಡತಿ ಬಂದಳು. ಮದುವೆಯಾದ ಹೊಸತರಲ್ಲಿ ಒಂದು ದಿನ ಅವನಿಗೆ ಊಟ ತಂದು, ಆ ಸದ್ದಿನೊಳಗೇ ಅರ್ಧ ಗಂಟೆ ಅವನ ಜೊತೆ ಮಾತಾಡಿದ್ದಳಂತೆ. ಒಂದು ಮಾತೂ ಅವನಿಗೆ ಕೇಳಿಸಿರಲಿಲ್ಲ. "ಎಲ್ಲದಕ್ಕೂ ಹೂಂ ಅಂದೆ" ಎಂದ. "ಆಮೇಲೆ ಗೊತ್ತಾಯ್ತು, ಏನೇನಕ್ಕೆ ಒಪ್ಪಿಕೊಂಡಿದ್ದೆ ಅಂತ."

ವ್ಯಾನ್ ಅವನ ಮನೆಯ ಮುಂದೆ ನಿಂತಾಗ ಐದನೆಯದು ಅರ್ಧವಾಗಿತ್ತು, ಆರನೆಯದು ಶುರುವೇ ಆಗಿರಲಿಲ್ಲ. ಅವನು ಇಳಿಯಲಿಲ್ಲ. ಮನೆ ಬಂತೆಂಬುದು ಅವನ ಗಮನಕ್ಕೆ ಬಂದಿತ್ತೋ ಇಲ್ಲವೋ. ಟೀಚರ್ ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆ ನೋಡಿದಳು. ಅಕ್ಕ ಅವಳಿಗೆ ಕಾಣುವಂತೆ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದಳು, ಇರು ಎಂದು.

ಟೀಚರ್ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿ, ಸೀಟಿಗೆ ಒರಗಿ ಕುಳಿತಳು.